ಯಾವ ಕೊಳಗ, ಯಾರ ಸರಾಸರಿ?

ಎರಡು ಸೀಮೆಗಳು ಕೂಡುವ ಎಡೆಯಲ್ಲಿ ಬಾಳುವವರಿಗೆ ಅಳತೆಯ ವಿಷಯದಲ್ಲಿ ಹುಟ್ಟಿನಿಂದಲೇ ಸ್ವಲ್ಪ ಅನುಮಾನ ಹೆಚ್ಚು. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರುಗಳ ಸಂತೆಗಳಲ್ಲಿ ನಮ್ಮ ಹಿರಿಯರು ಕೊಳಗ, ಬಳ್ಳ, ಸೇರುಗಳ ಲೆಕ್ಕವನ್ನೂ ಪಡಿ, ಮರಕ್ಕಾಲುಗಳ ಲೆಕ್ಕವನ್ನೂ ಒಟ್ಟಿಗೇ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದರು. ಸೇರು ಎಂದರೂ ಅದು ಒಂದೇ ಸೇರಲ್ಲ. 24 ತೊಲೆಯ ಕಚ್ಚಾ ಸೇರು ಒಂದು; 80 ತೊಲೆಯ ಪಕ್ಕಾ ಸೇರು ಇನ್ನೊಂದು. ‘ಎರಡು ಸೇರು’ ಎಂದವನನ್ನು ‘ಯಾವ ಸೇರಪ್ಪ?’ ಎಂದು ಕೇಳಿದ ಮೇಲೆಯೇ ವ್ಯಾಪಾರ ಮುಂದುವರಿಯತಕ್ಕದ್ದು. 1956ರ ತೂಕ ಅಳತೆಗಳ ಕಾಯಿದೆ ಬಂದು, 1958ರಿಂದ ಕಿಲೋಗ್ರಾಂ ಬಳಕೆಗೆ ಇಳಿಯಿತು. ಅಂದಿನಿಂದ ಈ ಪ್ರಶ್ನೆಯನ್ನು ಕೇಳುವ ಅಭ್ಯಾಸ ನಮ್ಮಿಂದ ಮೆಲ್ಲಮೆಲ್ಲನೆ ತಪ್ಪಿಹೋಯಿತು. ಕೃಷ್ಣಗಿರಿಯ ಮಾವಿನ ಮಂಡಿಯಲ್ಲಿ ತೂಗಿದ ಕಿಲೋ ಬೆಂಗಳೂರಿನಲ್ಲಿಯೂ ಕಿಲೋವೇ ಆಗಿರುವಾಗ ಕೇಳುವ ಅಗತ್ಯವಾದರೂ ಏನು?

ಆದರೆ ಒಂದು ಸ್ಥಳದಲ್ಲಿ ಮಾತ್ರ ಕಚ್ಚಾ ಸೇರೂ ಪಕ್ಕಾ ಸೇರೂ ಇಂದಿಗೂ ಬೆರೆತುಕೊಂಡೇ ಇವೆ. ಅದು ನಮ್ಮ ಶಾಲೆಯ ಅಂಕಪಟ್ಟಿ. ಕನ್ನಡದಲ್ಲಿ ನೂರಕ್ಕೆ 78, ಗಣಿತದಲ್ಲಿ ನೂರಕ್ಕೆ 70 ಎಂದು ಬರೆದ ಪಟ್ಟಿಯನ್ನು ಕೈಗೆ ಕೊಟ್ಟರೆ, ಯಾವ ತಂದೆಯಾದರೂ ‘ಕನ್ನಡ ಪರವಾಗಿಲ್ಲ, ಲೆಕ್ಕದಲ್ಲಿ ಹುಡುಗ ಸ್ವಲ್ಪ ಹಿಂದೆ’ ಎಂದು ತೀರ್ಮಾನಿಸುವನು. ಉಪಾಧ್ಯಾಯರಾದ ನಾವೂ ಅನೇಕ ವೇಳೆ ಅದಕ್ಕೆ ತಲೆಯಾಡಿಸುವೆವು. ಎರಡೂ ‘ನೂರಕ್ಕೆ’ ಎಂಬ ಒಂದೇ ಅಂಗಿಯನ್ನು ತೊಟ್ಟು ನಿಂತಿರುವುದರಿಂದ ಒಂದೇ ಮನೆಯ ಮಕ್ಕಳೆಂದು ಭ್ರಮೆಯಾಗುವುದು ಸಹಜ. ಆದರೆ ಕನ್ನಡದ ನೂರು ಒಂದು ಕೊಳಗ. ಗಣಿತದ ನೂರು ಇನ್ನೊಂದು ಕೊಳಗ. ಈ ಎರಡು ಕೊಳಗಗಳನ್ನು ಸಮಮಾಡಿ ನೋಡುವ ಉಪಾಯವೊಂದು ಸಂಖ್ಯಾಶಾಸ್ತ್ರದಲ್ಲಿ ಉಂಟು. ಅದಕ್ಕೆ ಜೆಡ್ ಅಂಕವೆಂದು ಹೆಸರು. ಇಂದು ಗಣಕಯಂತ್ರದಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಅದು ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಸಿದ್ಧವಾಗುತ್ತದೆ. ಆ ಗುಂಡಿಯ ಹಿಂದೆ ಏನಿದೆ, ಅದು ನಮ್ಮಂಥ ಗಡಿನಾಡಿನ ಶಾಲೆಗಳಿಗೆ ಏನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ನಮ್ಮ ಸಹೋದ್ಯೋಗಿಗಳೊಡನೆಯೂ ವಿದ್ಯಾರ್ಥಿಮಿತ್ರರೊಡನೆಯೂ ವಿಚಾರ ಮಾಡಬೇಕೆಂಬುದೇ ಈ ಲೇಖನದ ಉದ್ದೇಶ.

ಎಂಟು ಮಕ್ಕಳ ಒಂದು ತರಗತಿಯನ್ನು ಊಹಿಸಿಕೊಳ್ಳೋಣ. ಗಣಿತದಲ್ಲಿ ಅವರ ಅಂಕಗಳು, ಏರಿಕೆಯ ಕ್ರಮದಲ್ಲಿ, 20, 40, 40, 40, 50, 50, 70, 90. ಕನ್ನಡದಲ್ಲಿ 74, 78, 78, 78, 80, 80, 84, 88. ಗಣಿತದ ಸರಾಸರಿ 50. ಕನ್ನಡದ ಸರಾಸರಿ 80. ಸರಾಸರಿಯಿಂದ ಪ್ರತಿಯೊಬ್ಬರೂ ಎಷ್ಟು ದೂರವೆಂದು ಕಳೆದು ನೋಡಿ, ಆ ದೂರಗಳನ್ನು ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆದು, ಅದರ ವರ್ಗಮೂಲವನ್ನು ಹಿಡಿದರೆ ಗಣಿತಕ್ಕೆ 20, ಕನ್ನಡಕ್ಕೆ 4 ಬರುತ್ತದೆ. ಇದೇ ಮಾನಕ ವಿಚಲನೆ. ತಮಿಳುನಾಡಿನ ಹತ್ತನೆಯ ತರಗತಿಯ ಗಣಿತದಲ್ಲಿ ಇದು ಪಾಠವಾಗಿಯೇ ಇರುವುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಪಕ್ಕದ ಕೋಣೆಯ ತಮಿಳು ಮಾಧ್ಯಮದ ಗೆಳೆಯರು ಇದನ್ನೇ ‘ತಿಟ್ಟ ವಿಲಕ್ಕಂ’ ಎಂದು ಓದುತ್ತಾರೆ. ಮಕ್ಕಳು ಸರಾಸರಿಯ ಸುತ್ತ ಎಷ್ಟು ಚದರಿ ನಿಂತಿದ್ದಾರೆಂಬುದನ್ನು ಅದು ಹೇಳುತ್ತದೆ. ಗಣಿತದಲ್ಲಿ ಹೊಲದ ತುಂಬ ಚೆದುರಿದ್ದಾರೆ. ಕನ್ನಡದಲ್ಲಿ ಜಗುಲಿಯ ಮೇಲೆ ಒತ್ತೊತ್ತಾಗಿ ಕುಳಿತಿದ್ದಾರೆ.

ಈಗ ಜೆಡ್ ಅಂಕವೆಂದರೆ ಇಷ್ಟೇ: ಅಂಕದಿಂದ ಸರಾಸರಿಯನ್ನು ಕಳೆಯುವುದು, ಉಳಿದುದನ್ನು ಮಾನಕ ವಿಚಲನೆಯಿಂದ ಭಾಗಿಸುವುದು. ಗಣಿತದಲ್ಲಿ 70 ಪಡೆದ ಹುಡುಗ ಸರಾಸರಿಗಿಂತ 20 ಹೆಚ್ಚು. 20ನ್ನು 20ರಿಂದ ಭಾಗಿಸಿದರೆ ಧನ 1. ಅದೇ ಹುಡುಗ ಕನ್ನಡದಲ್ಲಿ 78 ಪಡೆದರೆ ಸರಾಸರಿಗಿಂತ 2 ಕಡಮೆ. ಅದನ್ನು 4ರಿಂದ ಭಾಗಿಸಿದರೆ ಋಣ ಅರ್ಧ. ತಂದೆಯ ತೀರ್ಮಾನ ಬುಡಮೇಲಾಯಿತು. ಹುಡುಗ ಲೆಕ್ಕದಲ್ಲಿ ತನ್ನ ಜೊತೆಯವರಿಗಿಂತ ಮುಂದೆ. ಕನ್ನಡದಲ್ಲಿ ಕೊಂಚ ಹಿಂದೆ. ಅಂಕದಿಂದ ಅಂಕವನ್ನು ಭಾಗಿಸಿದುದರಿಂದ ಉಳಿದುದು ಅಂಕವೂ ಅಲ್ಲ. ಅದು ಬರಿಯ ಸಂಖ್ಯೆ. ಸೆಂಟಿಮೀಟರನ್ನು ಸೆಂಟಿಮೀಟರಿನಿಂದಲೂ ಕಿಲೋವನ್ನು ಕಿಲೋವಿನಿಂದಲೂ ಭಾಗಿಸಿದಾಗಲೂ ಹೀಗೆಯೇ. ಎತ್ತರ ಮತ್ತು ತೂಕ, ರಾಗಿಯ ಇಳುವರಿ ಮತ್ತು ಮಳೆಯ ಪ್ರಮಾಣ, ಒಂದಕ್ಕೊಂದು ಸಂಬಂಧವಿಲ್ಲದ ಮಾನಗಳೆಲ್ಲ ತಮ್ಮ ಕೊಳಗಗಳನ್ನು ಬಾಗಿಲಲ್ಲಿ ಬಿಟ್ಟು ಒಂದೇ ಪಂಕ್ತಿಯಲ್ಲಿ ಕೂಡುತ್ತವೆ.

ಈ ಪಂಕ್ತಿಭೋಜನದ ಹಿಂದೆ ದೊಡ್ಡವರ ಶ್ರಮವಿದೆ. ‘ಮಾನಕ ವಿಚಲನೆ’ ಎಂಬುದರ ಇಂಗ್ಲಿಷ್ ಹೆಸರನ್ನು 1890ರ ದಶಕದಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್. ನಮ್ಮ ದೇಶದಲ್ಲಿ 1931ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಲನೋಬಿಸರು ಮನುಷ್ಯರ ಎತ್ತರ, ತಲೆಯ ಉದ್ದ, ಮೂಗಿನ ಅಗಲ ಮುಂತಾದ ಅನೇಕ ಅಳತೆಗಳನ್ನು ಒಟ್ಟಿಗೆ ಹಿಡಿದು ಎರಡು ಗುಂಪುಗಳ ನಡುವಣ ದೂರವನ್ನು ಹೇಳುವ ವಿಧಾನವೊಂದನ್ನು ರೂಪಿಸಿದರು. 1936ರ ಅವರ ಲೇಖನದಿಂದ ಅದು ಲೋಕಪ್ರಸಿದ್ಧವಾಯಿತು. ಅದರ ಬೇರಿನಲ್ಲಿರುವುದೂ ಇದೇ ತತ್ತ್ವ: ದೂರವನ್ನು ಚದರಿಕೆಯಿಂದ ತೂಗಿ ನೋಡಬೇಕು. ಆ ಸಂಸ್ಥೆಯಲ್ಲಿಯೇ ಬೆಳೆದು ಜಗತ್ತಿನ ಸಂಖ್ಯಾಶಾಸ್ತ್ರಜ್ಞರ ಮೊದಲ ಸಾಲಿಗೆ ಸೇರಿದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ. ಅಂದು ಅದು ಬಳ್ಳಾರಿ ಜಿಲ್ಲೆಗೆ ಸೇರಿ, ನಮ್ಮ ಹೊಸೂರಿನಂತೆಯೇ ಮದರಾಸು ಆಧಿಪತ್ಯದಲ್ಲಿತ್ತು. ಅವರು 2023ರಲ್ಲಿ, ನೂರೆರಡು ತುಂಬಿದ ವಯಸ್ಸಿನಲ್ಲಿ, ತೀರಿಕೊಂಡರು. ಅದೇ ವರ್ಷ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂದಿತ್ತು.

ಇನ್ನು ಮೊತ್ತದ ವಿಚಾರ. ಅದೇ ಎಂಟು ಮಕ್ಕಳಲ್ಲಿ ಗಣಿತದ 90 ಪಡೆದ ಹುಡುಗನಿಗೆ ಕನ್ನಡದಲ್ಲಿ ಎಲ್ಲರಿಗಿಂತ ಕಡಮೆ, ಎಂದರೆ 74 ಬಂದಿದೆ ಎನ್ನೋಣ. ಕನ್ನಡದ 88 ಪಡೆದ ಹುಡುಗಿಗೆ ಗಣಿತದಲ್ಲಿ ಸರಾಸರಿಯ 50 ಬಂದಿದೆ ಎನ್ನೋಣ. ಕೂಡಿದರೆ ಹುಡುಗನಿಗೆ 164, ಹುಡುಗಿಗೆ 138. ಬಹುಮಾನ ಯಾರಿಗೆಂದು ಕೇಳಬೇಕಾಗಿಯೇ ಇಲ್ಲ. ಈಗ ಜೆಡ್ ಅಂಕಗಳನ್ನು ಕೂಡಿರಿ. ಹುಡುಗನಿಗೆ ಗಣಿತದಲ್ಲಿ ಧನ 2, ಕನ್ನಡದಲ್ಲಿ ಋಣ ಒಂದೂವರೆ, ಒಟ್ಟು ಅರ್ಧ. ಹುಡುಗಿಗೆ ಕನ್ನಡದಲ್ಲಿ ಧನ 2, ಗಣಿತದಲ್ಲಿ ಸೊನ್ನೆ, ಒಟ್ಟು 2. ಬಹುಮಾನ ಕೈ ಬದಲಾಯಿಸಿತು! ಇದರ ಗುಟ್ಟೇನೆಂದರೆ, ಅಂಕಗಳನ್ನು ಹಾಗೆಯೇ ಕೂಡಿದಾಗ ಚದರಿಕೆ ಹೆಚ್ಚಾದ ವಿಷಯವೇ ಒಡೆಯನಾಗಿ ಕುಳಿತುಬಿಡುತ್ತದೆ. ಎಲ್ಲರಿಗೂ ಎಂಬತ್ತರ ಆಸುಪಾಸಿನಲ್ಲಿ ಅಂಕ ಕೊಡುವ ಭಾಷೆಯ ಉಪಾಧ್ಯಾಯರು, ತಮಗೆ ತಿಳಿಯದಂತೆ, ಸ್ಥಾನ ನಿರ್ಣಯದಲ್ಲಿ ತಮ್ಮ ವಿಷಯದ ಮತವನ್ನು ಬಿಟ್ಟುಕೊಡುತ್ತಾರೆ. ಜೆಡ್ ಅಂಕವು ಎರಡು ವಿಷಯಗಳಿಗೂ ಸಮವಾದ ಮತವನ್ನು ಕೊಡಿಸುತ್ತದೆ. ಹಾಗೆ ಕೊಡಿಸಬೇಕೇ ಬೇಡವೇ ಎಂಬುದು ಯಂತ್ರ ತೀರ್ಮಾನಿಸತಕ್ಕ ಮಾತಲ್ಲ. ಶಾಲೆ ತೀರ್ಮಾನಿಸತಕ್ಕ ಮಾತು. ಆದರೆ ತೀರ್ಮಾನವನ್ನು ತಿಳಿದು ಮಾಡುವುದು ಬೇರೆ, ತಿಳಿಯದೆ ನಡೆಸುವುದು ಬೇರೆ.

ಈ ಲೆಕ್ಕವನ್ನು ಕೈಯಿಂದ ಮಾಡಿದವರಿಗೆ ವರ್ಗಮೂಲದ ಕಷ್ಟ ಗೊತ್ತು. ಈಗ ಆ ಕಷ್ಟವಿಲ್ಲ. 1968ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸಮಾಜವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಎಸ್. ಪಿ. ಎಸ್. ಎಸ್. ಎಂಬ ತಂತ್ರಾಂಶದಲ್ಲಿ ಇದಕ್ಕೆ ಒಂದು ಪುಟ್ಟ ಚೌಕವಿದೆ. ಅದರೊಳಗೆ ಗುರುತು ಹಾಕಿದರೆ, ಮೂಲ ಕಾಲಮ್ಮಿನ ಹೆಸರಿಗೇ ಮುಂದೆ ಜೆಡ್ ಅಕ್ಷರವನ್ನು ಅಂಟಿಸಿಕೊಂಡು ಹೊಸ ಕಾಲಮ್ಮೊಂದು ಎದ್ದು ನಿಲ್ಲುತ್ತದೆ. ನ್ಯೂಜಿಲೆಂಡಿನಲ್ಲಿ ಇಬ್ಬರು ಪ್ರಾಧ್ಯಾಪಕರು ಆರಂಭಿಸಿದ ‘ಆರ್’ ಎಂಬ ತಂತ್ರಾಂಶದಲ್ಲಿ ‘ಸ್ಕೇಲ್’ ಎಂಬ ಒಂದೇ ಪದ ಈ ಕೆಲಸವನ್ನು ಮಾಡುತ್ತದೆ; ಅದಕ್ಕೆ ಬೆಲೆಯನ್ನೂ ಕೊಡಬೇಕಾಗಿಲ್ಲ. ಶಾಲೆಗಳಲ್ಲಿ ಸಾಮಾನ್ಯವಾಗಿ ಇರುವ ಲೆಕ್ಕಪಟ್ಟಿಯ ತಂತ್ರಾಂಶಗಳಲ್ಲಿಯೂ ‘ಸ್ಟ್ಯಾಂಡರ್ಡೈಸ್’ ಎಂಬ ಸೂತ್ರ ಉಂಟು. ನಾವು ಇವುಗಳ ಮುಂದೆ ಕುಳಿತಾಗಲೆಲ್ಲ ನಮಗೆ ಒಬ್ಬ ಚುರುಕಾದ ಶಾನುಭೋಗರ ನೆನಪಾಗುತ್ತದೆ. ಕೊಟ್ಟ ಅಂಕಿಗಳನ್ನು ಕೂಡುವುದರಲ್ಲಿ ಅವರಿಗೆ ಎಣೆಯಿಲ್ಲ. ಅಂಕಿ ಎಲ್ಲಿಂದ ಬಂತು ಎಂದು ಕೇಳುವುದು ಮಾತ್ರ ತಮ್ಮ ಕೆಲಸವಲ್ಲವೆಂದು ಅವರ ನಿಲುವು.

ಒಂದು ನಿದರ್ಶನ ನೋಡೋಣ. ಮೇಲ್ಕಂಡ ತರಗತಿಯಲ್ಲಿ ಒಂಬತ್ತನೆಯ ಮಗುವೊಂದು ಇದ್ದು, ಜ್ವರದ ದೆಸೆಯಿಂದ ಕನ್ನಡ ಪರೀಕ್ಷೆಗೆ ಬರಲಿಲ್ಲ. ಪಟ್ಟಿಯಲ್ಲಿ ಆ ಮಗುವಿನ ಮನೆಯನ್ನು ಖಾಲಿ ಬಿಡಬೇಕಾದಲ್ಲಿ ಯಾರೋ ಸೊನ್ನೆಯನ್ನು ಬರೆದರು. ಸರಾಸರಿ 80ರಿಂದ 71ಕ್ಕೆ ಇಳಿಯಿತು; ಮಾನಕ ವಿಚಲನೆ 4ರಿಂದ 25ನ್ನು ದಾಟಿತು. 74 ಪಡೆದು ತರಗತಿಯ ಕೊನೆಯಲ್ಲಿ ನಿಂತಿದ್ದ ಹುಡುಗ ಈಗ ಸರಾಸರಿಗಿಂತ ಮೇಲಿನವನಾದ. 88ರ ಹುಡುಗಿಯ ಧನ 2 ಕರಗಿ ಮುಕ್ಕಾಲಿಗಿಂತ ಕಡಮೆಯಾಯಿತು. ಬಾರದ ಮಗು ಬಂದವರೆಲ್ಲರ ಅಂಕವನ್ನೂ ಬದಲಾಯಿಸಿತು! ಯಂತ್ರ ಹುಬ್ಬನ್ನೂ ಏರಿಸಲಿಲ್ಲ. ಗೈರುಹಾಜರಿಗೂ ಸೊನ್ನೆಗೂ ಇರುವ ಭೇದ ಹಾಜರಿ ಪುಸ್ತಕ ಬರೆಯುವ ಉಪಾಧ್ಯಾಯರಿಗೆ ಗೊತ್ತೇ ಹೊರತು ಯಂತ್ರಕ್ಕೆ ಗೊತ್ತಿಲ್ಲ. ಜೆಡ್ ಅಂಕ ತೆಗೆದರೆ ಅಂಕಗಳು ತಾವಾಗಿಯೇ ಗಂಟೆಯ ಆಕಾರದ ರೇಖೆಗೆ ಹೊಂದಿಕೊಳ್ಳುತ್ತವೆ ಎಂಬ ನಂಬಿಕೆಯೂ ಕೆಲವರಲ್ಲಿದೆ. ಅದು ಹಾಗಲ್ಲ. ಡೊಂಕಾದುದು ಡೊಂಕಾಗಿಯೇ ಇರುತ್ತದೆ. ಅದನ್ನು ಅಳೆಯುವ ಕೋಲು ಮಾತ್ರ ಬೇರೆ.

ಇಲ್ಲಿಯವರೆಗೆ ಹೇಳಿದುದು ಯಾವ ಶಾಲೆಗಾದರೂ ಸಲ್ಲುವ ಮಾತು. ಇನ್ನು ಹೇಳುವುದು ವಿಶೇಷವಾಗಿ ನಮ್ಮದು. ಗಡಿನಾಡಿನ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಬೆರಳಲ್ಲಿ ಎಣಿಸುವಷ್ಟೇ ಮಕ್ಕಳಿರುವುದುಂಟು. ಐದು ಮಕ್ಕಳ ತರಗತಿಯೊಂದನ್ನು ತೆಗೆದುಕೊಳ್ಳೋಣ. ನಾಲ್ವರಿಗೆ 40, ಒಬ್ಬಳಿಗೆ 50. ಸರಾಸರಿ 42, ಮಾನಕ ವಿಚಲನೆ 4. ಆ ಹುಡುಗಿಯ ಜೆಡ್ ಅಂಕ 2. ಇನ್ನೊಂದು ತರಗತಿ: ನಾಲ್ವರಿಗೆ ಸೊನ್ನೆ, ಒಬ್ಬಳಿಗೆ ನೂರಕ್ಕೆ ನೂರು. ಸರಾಸರಿ 20, ಮಾನಕ ವಿಚಲನೆ 40. ಜೆಡ್ ಅಂಕ ಅದೇ 2. ಐದು ಮಕ್ಕಳ ಗುಂಪಿನಲ್ಲಿ ಯಾರೇ ಆಗಲಿ, ಎಂಥ ಮೇಧಾವಿಯೇ ಆಗಲಿ, 2ನ್ನು ಮೀರಲು ಸಾಧ್ಯವೇ ಇಲ್ಲ. ಇದು ಗಣಿತದ ನಿಯಮ. ತಂತ್ರಾಂಶಗಳಲ್ಲಿ ಹಲವು ಐದರ ಬದಲು ನಾಲ್ಕರಿಂದ ಭಾಗಿಸುವ ಕ್ರಮವನ್ನು ಅನುಸರಿಸುವುದರಿಂದ ಅವುಗಳಲ್ಲಿ ಈ ಮಿತಿ 1.79ಕ್ಕೇ ನಿಂತುಬಿಡುತ್ತದೆ. ನಲವತ್ತು ಮಕ್ಕಳ ತರಗತಿಯ ಪ್ರತಿಭೆಗೆ ಆರರವರೆಗೆ ಏರಲು ಆಕಾಶವಿದೆ. ಐದು ಮಕ್ಕಳ ತರಗತಿಯ ಪ್ರತಿಭೆಗೆ ಮಾಡು ತಲೆಗೇ ತಾಗುತ್ತದೆ. ಎರಡು ಶಾಲೆಗಳ ಮಕ್ಕಳನ್ನು ಅವರವರ ತರಗತಿಯ ಜೆಡ್ ಅಂಕದಿಂದ ಹೋಲಿಸಿ ಬಹುಮಾನ ಕೊಡಲು ಹೊರಟರೆ, ಸಣ್ಣ ಶಾಲೆಯ ಮಗು ಸಣ್ಣ ಶಾಲೆಯಲ್ಲಿ ಓದಿದ ತಪ್ಪಿಗಾಗಿಯೇ ಸೋಲಬಹುದು.

ಇದಕ್ಕಿಂತಲೂ ಆಳವಾದ ಮಾತೊಂದಿದೆ. ಯಾವ ಗುಂಪನ್ನಾದರೂ ತನ್ನ ಸರಾಸರಿಯಿಂದಲೇ ಅಳೆದರೆ ಆ ಗುಂಪಿನ ಜೆಡ್ ಅಂಕಗಳ ಸರಾಸರಿ ಸೊನ್ನೆಯೇ ಆಗಿರುತ್ತದೆ. ಶಾಲೆ ಚೆನ್ನಾಗಿ ಕಲಿತರೂ ಸೊನ್ನೆ. ಶಾಲೆಗೆ ವರ್ಷಪೂರ್ತಿ ಗಣಿತದ ಉಪಾಧ್ಯಾಯರೇ ಇಲ್ಲದಿದ್ದರೂ ಸೊನ್ನೆ. ಗುಂಪು ತನ್ನಿಂದ ತಾನೇ ಹಿಂದೆ ಬೀಳಲಾರದು. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯನ್ನು ನಮ್ಮ ಹಿರಿಯರು ಬಹುಶಃ ಈ ಲೆಕ್ಕಕ್ಕಾಗಿಯೇ ಕಟ್ಟಿಟ್ಟಂತಿದೆ. ತಂತ್ರಾಂಶಕ್ಕೆ ನಾವು ಬೇರೆ ಏನನ್ನೂ ಹೇಳದಿದ್ದರೆ ಅದು ತನ್ನ ಮುಂದೆ ಸುರಿದ ಅಂಕಿಗಳ ಸರಾಸರಿಯನ್ನೇ ಲೋಕದ ಸರಾಸರಿಯೆಂದು ತಿಳಿಯುತ್ತದೆ. ಊರು ಹಾಳಾಗಿರುವುದನ್ನು ಅದು ನೋಡುವುದಿಲ್ಲ. ಗೌಡನನ್ನು ಮಾತ್ರ ತೋರಿಸುತ್ತದೆ.

ಇದು ಬರಿಯ ಅಂಕಪಟ್ಟಿಯ ಮಾತಲ್ಲವೆಂಬುದು ನಮಗೆ ಸ್ಪಷ್ಟವಾದದ್ದು ತಳಿಯ ಕಡೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ. ಶಾಲೆಗೆ ಸೇರಲಿರುವ ಮಕ್ಕಳ ವಿವರ ಕೇಳಲು ನಾವು ಅಲ್ಲಿಗೆ ಹೋಗಿದ್ದಾಗ ಕಾರ್ಯಕರ್ತೆ ಎರಡು ವರ್ಷದ ಹೆಣ್ಣುಮಗುವೊಂದನ್ನು ಅಳತೆಯ ಹಲಗೆಗೆ ಒರಗಿಸಿ ನಿಲ್ಲಿಸಿದ್ದರು. 78 ಸೆಂಟಿಮೀಟರು. ಫೋನಿನಲ್ಲಿ ಅಂಕಿ ಬರೆದೊಡನೆ ಕೆಂಪು ಗುರುತು ಬಂತು. ಮಗುವನ್ನು ಕರೆತಂದಿದ್ದ ಅಜ್ಜಿ, ‘ನಮ್ಮ ಕೇರಿ ಮಕ್ಳೆಲ್ಲಾ ಇಷ್ಟೇ ಎತ್ರ ಕಣಮ್ಮ, ಇದೊಂದೇ ಏನಲ್ಲ’ ಎಂದರು. ಕಾರ್ಯಕರ್ತೆ, ‘ಅದ್ಕೇ ಅಲ್ವಾ ಅವ್ವ ಬರೆಯೋದು. ಈ ಗೆರೆ ನಮ್ಮ ಕೇರೀದಲ್ಲ, ಹೊಟ್ಟೆ ತುಂಬ ಉಂಡು ಬೆಳೆದ ಮಕ್ಕಳ್ದು’ ಎಂದರು.

ನಾವು ಬೆರಗಾಗಿ ನಿಂತೆವು. ಸಂಖ್ಯಾಶಾಸ್ತ್ರದ ಒಂದು ಅಧ್ಯಾಯವೇ ಆ ಎರಡು ಮಾತುಗಳಲ್ಲಿ ಮುಗಿದುಹೋಗಿತ್ತು. ಅಜ್ಜಿಯದು ತಂತ್ರಾಂಶದ ಮಾತು: ಮಗುವನ್ನು ಕೇರಿಯ ಸರಾಸರಿಯಿಂದ ಅಳೆಯುವುದು. ಆ ಕೇರಿಯ ಸರಾಸರಿ 79, ಮಾನಕ ವಿಚಲನೆ 3 ಎಂದು ಇಟ್ಟುಕೊಂಡರೆ ಮಗುವಿನ ಜೆಡ್ ಅಂಕ ಋಣ ಮೂರನೆಯ ಒಂದು ಭಾಗ ಮಾತ್ರ; ಚಿಂತಿಸತಕ್ಕದ್ದೇನೂ ಇಲ್ಲ. ಕಾರ್ಯಕರ್ತೆಯ ಗೆರೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನಕದ್ದು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳಲ್ಲಿ, ತಾಯಿಯ ಹಾಲು ಕುಡಿದು, ಒಳ್ಳೆಯ ಆರೈಕೆಯಲ್ಲಿ ಬೆಳೆದ ಸುಮಾರು ಎಂಟೂವರೆ ಸಾವಿರ ಮಕ್ಕಳನ್ನು 1997ರಿಂದ 2003ರವರೆಗೆ ಅಳೆದು ಅದನ್ನು ಸಿದ್ಧಪಡಿಸಿದರು. ಅದರಂತೆ ಎರಡು ವರ್ಷದ ಹೆಣ್ಣುಮಗುವಿನ ನಡುವಣ ಎತ್ತರ 85.7 ಸೆಂಟಿಮೀಟರು, ಮಾನಕ ವಿಚಲನೆ 3.2. ನಮ್ಮ ಮಗುವಿನ ಜೆಡ್ ಅಂಕ ಋಣ 2.4. ಋಣ 2ಕ್ಕಿಂತ ಕೆಳಗಿಳಿದರೆ ಬೆಳವಣಿಗೆ ಕುಂಠಿತವೆಂದು ಲೆಕ್ಕ. ಮಗು ಒಂದೇ, ಹಲಗೆ ಒಂದೇ, ಎತ್ತರ ಒಂದೇ. ಒಂದು ಸರಾಸರಿ ಮಗುವನ್ನು ಮನೆಗೆ ಕಳುಹಿಸುತ್ತದೆ. ಇನ್ನೊಂದು ಸರಾಸರಿ ಅದರ ತಟ್ಟೆಗೆ ಮೊಟ್ಟೆಯನ್ನು ತರಿಸುತ್ತದೆ.

ಎತ್ತರಕ್ಕೆ ಈ ಸರಳ ಭಾಗಾಕಾರ ಸಾಕು, ತೂಕಕ್ಕೆ ಸಾಲದು. ಎರಡು ವರ್ಷದ ಹೆಣ್ಣುಮಗುವಿನ ನಡುವಣ ತೂಕ 11.5 ಕಿಲೋ, ಋಣ 2ರ ಗೆರೆ 9 ಕಿಲೋವಿನಲ್ಲಿ, ಧನ 2ರ ಗೆರೆ 14.8 ಕಿಲೋವಿನಲ್ಲಿ. ಕೆಳಗಡೆ ಎರಡೂವರೆ ಕಿಲೋ, ಮೇಲುಗಡೆ ಮೂರಕ್ಕೂ ಹೆಚ್ಚು. ತಕ್ಕಡಿ ಒಂದು ಕಡೆಗೆ ವಾಲಿದೆ. ಆದುದರಿಂದ ತೂಕಕ್ಕೆ ಮೊದಲು ಈ ವಾಲುವಿಕೆಯನ್ನು ಸರಿಪಡಿಸುವ ಬೇರೊಂದು ಸೂತ್ರವನ್ನು ಹಾಕಿಕೊಂಡಿದ್ದಾರೆ. ಕೇಂದ್ರ ಸರಕಾರ 2021ರಲ್ಲಿ ಅಂಗನವಾಡಿಗಳಿಗೆ ಕೊಟ್ಟ ಪೋಷಣ್ ಟ್ರ್ಯಾಕರ್ ಎಂಬ ತಂತ್ರಾಂಶ ಇದನ್ನೆಲ್ಲ ತನ್ನೊಳಗೇ ಮಾಡಿಕೊಂಡು, ಕಾರ್ಯಕರ್ತೆಗೆ ಬರಿಯ ಬಣ್ಣವನ್ನು ತೋರಿಸುತ್ತದೆ. ಆರು ದೇಶಗಳ ಈ ಮಾನಕ ನಮ್ಮ ಮಕ್ಕಳಿಗೆ ತುಸು ಎತ್ತರವಾಯಿತೆಂದು ವಾದಿಸುವ ವೈದ್ಯರೂ ನಮ್ಮ ದೇಶದಲ್ಲಿ ಇದ್ದಾರೆ. ಆದರೆ ಆ ಅಧ್ಯಯನದಲ್ಲಿ ಎತ್ತರದ ಒಟ್ಟು ವ್ಯತ್ಯಾಸದೊಳಗೆ ದೇಶದಿಂದ ದೇಶಕ್ಕೆ ಕಂಡ ವ್ಯತ್ಯಾಸ ನೂರಕ್ಕೆ ಸುಮಾರು ಮೂರು ಮಾತ್ರ ಎಂಬುದನ್ನು ಮರೆಯುವಂತಿಲ್ಲ. ಆರೋಗ್ಯವಂತ ಸಮುದಾಯದಲ್ಲಿ ಋಣ 2ರ ಕೆಳಗೆ ನೂರಕ್ಕೆ ಎರಡು ಮೂರು ಮಕ್ಕಳಿರುವುದು ಸಹಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಐದು ವರ್ಷದೊಳಗಿನ ಮಕ್ಕಳಲ್ಲಿ ಎತ್ತರ ಕುಂಠಿತರಾದವರು ತಮಿಳುನಾಡಿನಲ್ಲಿ ನೂರಕ್ಕೆ 25, ಕರ್ನಾಟಕದಲ್ಲಿ 35.4, ಇಡೀ ಭಾರತದಲ್ಲಿ 35.5. ಪ್ರತಿಯೊಂದು ರಾಜ್ಯವನ್ನೂ ತನ್ನ ಸರಾಸರಿಯಿಂದಲೇ ಅಳೆದಿದ್ದರೆ ಈ ಮೂರು ಸಂಖ್ಯೆಗಳೂ ಕರಗಿ, ಹಸಿವೆಂಬುದು ಪುಸ್ತಕದಿಂದಲೇ ಮಾಯವಾಗುತ್ತಿತ್ತು.

ಹಾಗಾದರೆ ಹೊರಗಿನ ದೊಡ್ಡ ಸರಾಸರಿಯೇ ಯಾವಾಗಲೂ ಸರಿಯೆ? ಹಾಗೂ ಹೇಳುವಂತಿಲ್ಲ. ತಮಿಳುನಾಡಿನಲ್ಲಿ 2006ರ ಕಾಯಿದೆಯ ಮೇರೆಗೆ ತಮಿಳು ಹಂತಹಂತವಾಗಿ ಎಲ್ಲ ಶಾಲೆಗಳಲ್ಲಿ ಕಡ್ಡಾಯ ಪಾಠವಾಯಿತು. ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುವ ನಮ್ಮ ಮಗುವಿನ ತಮಿಳು ಅಂಕವನ್ನು, ತೊಟ್ಟಿಲಲ್ಲಿಯೇ ತಮಿಳು ಕೇಳಿದ ಮಕ್ಕಳ ಸರಾಸರಿಯಿಂದ ಅಳೆದರೆ ಋಣಾಂಕ ಬರುವುದು ಆಶ್ಚರ್ಯವಲ್ಲ. ಆ ಋಣಾಂಕ ಸುಳ್ಳಲ್ಲ. ಆದರೆ ಅದು ಹೇಳುವುದು ಮಗುವಿನ ಬುದ್ಧಿಯನ್ನಲ್ಲ. ಮಗು ನಡೆದು ಬರಬೇಕಾದ ದಾರಿಯ ಉದ್ದವನ್ನು. ಇದೇ ಮಗುವನ್ನು ತನ್ನಂತೆಯೇ ಬೇರೆ ಮನೆಮಾತಿನಿಂದ ಬಂದ ಮಕ್ಕಳ ನಡುವೆ ನಿಲ್ಲಿಸಿ ನೋಡಿದರೆ ಧನಾಂಕವೇ ಬಂದೀತು. ಎಷ್ಟು ಕಲಿಸಬೇಕೆಂದು ತಿಳಿಯಲು ಮೊದಲನೆಯ ಅಂಕ ಬೇಕು. ಎಷ್ಟು ಚೆನ್ನಾಗಿ ಕಲಿಯುತ್ತಿದೆಯೆಂದು ತಿಳಿಯಲು ಎರಡನೆಯ ಅಂಕ ಬೇಕು. ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚಿದರೆ ಅನ್ಯಾಯ.

ಸರಕಾರಗಳಿಗೂ ಈ ತೊಡಕು ಬಿಟ್ಟುದಲ್ಲ. ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆಯನ್ನು ತೆಗೆದುಹಾಕಿದ ತಮಿಳುನಾಡಿನ 2006ರ ಇನ್ನೊಂದು ಕಾಯಿದೆ, ಬೇರೆ ಬೇರೆ ಮಂಡಳಿಗಳ ಅಂಕಗಳನ್ನು ಸಮಮಾಡಲು ಒಂದು ಸರಳ ಕ್ರಮವನ್ನು ಹೇಳಿತು. ಪ್ರತಿಯೊಂದು ಮಂಡಳಿಯಲ್ಲೂ ಆ ವಿಷಯದ ಅತಿ ಹೆಚ್ಚಿನ ಅಂಕವನ್ನು ರಾಜ್ಯ ಮಂಡಳಿಯ ಅತಿ ಹೆಚ್ಚಿನ ಅಂಕಕ್ಕೆ ಸಮವೆಂದು ಹಿಡಿಯುವುದು. ರಾಜ್ಯ ಮಂಡಳಿಯ ಮೊದಲಿಗನಿಗೆ 100, ಇನ್ನೊಂದು ಮಂಡಳಿಯ ಮೊದಲಿಗನಿಗೆ 90 ಬಂದಿದ್ದರೆ, ಆ ಇನ್ನೊಂದು ಮಂಡಳಿಯ 60ನ್ನು 66.67 ಎಂದು ತಿದ್ದುವುದು. ಇದರಲ್ಲಿ ಸರಾಸರಿಯೂ ಇಲ್ಲ, ಚದರಿಕೆಯೂ ಇಲ್ಲ. ಒಬ್ಬ ಮೊದಲಿಗನ ಅಂಕ ಸಾವಿರಾರು ಮಂದಿಯನ್ನು ಹೊತ್ತುಕೊಂಡಿದೆ. ಆದರೂ ಜನರಿಗೆ ಸುಲಭವಾಗಿ ತಿಳಿಯುತ್ತದೆಂಬ ಗುಣ ಅದಕ್ಕುಂಟು. ಮುಂದೆ 2020ರಲ್ಲಿ ವೈದ್ಯಶಿಕ್ಷಣಕ್ಕೂ 2021ರಲ್ಲಿ ಎಂಜಿನಿಯರಿಂಗ್ ಮುಂತಾದ ಶಿಕ್ಷಣಕ್ಕೂ, ಆರನೆಯ ತರಗತಿಯಿಂದ ಸರಕಾರಿ ಶಾಲೆಯಲ್ಲಿಯೇ ಓದಿದವರಿಗೆ ನೂರಕ್ಕೆ 7.5ರಷ್ಟು ಸ್ಥಾನಗಳನ್ನು ಬೇರೆಯಾಗಿ ಇಟ್ಟರು. ಅಂಕಗಳನ್ನು ಎಷ್ಟು ಸಮಮಾಡಿದರೂ ಓದಿದ ಮನೆ ಶಾಲೆಗಳು ಸಮವಾಗಲಿಲ್ಲವೆಂದು ಕಾನೂನೇ ಒಪ್ಪಿಕೊಂಡಂತಾಯಿತು. ಯಾರನ್ನು ಯಾರೊಡನೆ ಹೋಲಿಸಬೇಕೆಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರ ಅದು.

ನಮ್ಮ ಸಹೋದ್ಯೋಗಿಗಳಲ್ಲಿ ಒಂದೆರಡು ಬಿನ್ನಹಗಳು. ಲೆಕ್ಕಪಟ್ಟಿಯ ‘ಸ್ಟ್ಯಾಂಡರ್ಡೈಸ್’ ಸೂತ್ರ ನಮಗೆ ಹೆಚ್ಚು ಒಪ್ಪಿಗೆಯಾಗುವುದಕ್ಕೆ ಕಾರಣ, ಅದು ಮೂರು ವಿಷಯಗಳನ್ನು ನಮ್ಮಿಂದಲೇ ಕೇಳುತ್ತದೆ: ಅಂಕ ಯಾವುದು, ಸರಾಸರಿ ಯಾವುದು, ವಿಚಲನೆ ಯಾವುದು. ಯಾರ ಸರಾಸರಿ ಎಂದು ನಿಂತು ಯೋಚಿಸಲು ಅಲ್ಲಿ ಒಂದು ಕ್ಷಣದ ಅವಕಾಶವಿದೆ. ತರಗತಿ ತೀರ ಚಿಕ್ಕದಾದರೆ ಅದರ ಸರಾಸರಿಯನ್ನು ನೆಚ್ಚಬೇಡಿ. ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆದ ನೆರೆಯ ಶಾಲೆಗಳನ್ನೂ ಸೇರಿಸಿಕೊಂಡು ಸರಾಸರಿಯನ್ನೂ ವಿಚಲನೆಯನ್ನೂ ತೆಗೆಯಿರಿ. ಸಾಧ್ಯವಾದರೆ ಹಿಂದಿನ ವರ್ಷಗಳ ತರಗತಿಯನ್ನೂ ಈ ವರ್ಷದ ತರಗತಿಯ ಪಕ್ಕದಲ್ಲಿ ಇಡಿರಿ. ಖಾಲಿ ಮನೆಯನ್ನು ಖಾಲಿಯಾಗಿಯೇ ಬಿಡಿ. ಪಟ್ಟಿಯ ತಲೆಯ ಮೇಲೆ ‘ಇದು ಇಂಥ ಗುಂಪಿನ ಸರಾಸರಿಯಿಂದ ತೆಗೆದದ್ದು’ ಎಂದು ಒಂದು ಸಾಲು ಬರೆಯಿರಿ. ಮಕ್ಕಳ ಕೈಗೆ ಋಣಾಂಕವನ್ನು ಕೊಡುವುದು ಒಳ್ಳೆಯದಲ್ಲ. ಹತ್ತು ವರ್ಷದ ಮಗುವಿಗೆ ‘ನೀನು ಋಣ ಒಂದೂವರೆ’ ಎಂದರೆ ಅದಕ್ಕೆ ಸಾಲಗಾರನಾದಂತೆ ಅನಿಸೀತು. 1922ರಲ್ಲಿ ಮೆಕಾಲ್ ಎಂಬ ಅಮೆರಿಕದ ಶಿಕ್ಷಣಶಾಸ್ತ್ರಜ್ಞ ಸರಾಸರಿಯನ್ನು 50 ಎಂದೂ ವಿಚಲನೆಯನ್ನು 10 ಎಂದೂ ಇಟ್ಟುಕೊಳ್ಳುವ ಮಾನವೊಂದನ್ನು ಹಾಕಿಕೊಟ್ಟ. ಜೆಡ್ ಅಂಕವನ್ನು 10ರಿಂದ ಗುಣಿಸಿ 50ನ್ನು ಕೂಡಿದರೆ ಅದಕ್ಕೆ ಹತ್ತಿರದ ಅಂಕ ಬರುತ್ತದೆ. ಋಣ ಒಂದೂವರೆ ಎಂಬುದು 35 ಆಗುತ್ತದೆ. ಅರ್ಥ ಅದೇ, ಮುಖ ಸ್ವಲ್ಪ ಸೌಮ್ಯ.

ವಿದ್ಯಾರ್ಥಿಮಿತ್ರರಿಗೆ ಹೇಳುವುದು ಇನ್ನೂ ಚಿಕ್ಕದು. ಈ ಲೆಕ್ಕವನ್ನು ಒಮ್ಮೆಯಾದರೂ ಕಾಗದದ ಮೇಲೆ ಕೈಯಿಂದ ಮಾಡಿರಿ. ಆಮೇಲೆ ಯಂತ್ರಕ್ಕೆ ಒಪ್ಪಿಸಿರಿ. ಕಳೆಯುವುದು, ಭಾಗಿಸುವುದು ಎಂಬ ಎರಡೇ ಹೆಜ್ಜೆಗಳಲ್ಲಿ ಎಷ್ಟು ದೊಡ್ಡ ತೀರ್ಪು ಅಡಗಿದೆಯೆಂಬುದು ಆಗ ತಿಳಿಯುತ್ತದೆ. ಮುಂದೆ ನೀವು ಬೆಂಗಳೂರಿಗೋ ಚೆನ್ನೈಗೋ ಹೋಗಿ, ನೂರಾರು ಶಾಲೆಗಳ ಮಕ್ಕಳ ನಡುವೆ ನಿಂತಾಗ ಯಾರಾದರೂ ನಿಮ್ಮ ಅಂಕವನ್ನು ಕೇಳಿಯಾರು. ಸಂಕೋಚಪಡದೆ ಹೇಳಿರಿ. ಅವರು ಅದನ್ನು ಯಾವುದೋ ಸರಾಸರಿಯಿಂದ ಕಳೆಯಲು ತೊಡಗಿದರೆ, ಅದು ಯಾರ ಸರಾಸರಿ ಎಂದು ವಿನಯದಿಂದ ಕೇಳಿರಿ. ಉತ್ತರ ನ್ಯಾಯವಾಗಿದ್ದರೆ ಬಂದ ಸಂಖ್ಯೆ ಋಣವಾದರೂ ಒಪ್ಪಿಕೊಂಡು ದುಡಿಯಿರಿ. ನ್ಯಾಯವಾಗಿರದಿದ್ದರೆ ಆ ಸಂಖ್ಯೆ ಧನವಾದರೂ ಅದರಿಂದ ಹಿಗ್ಗಬೇಡಿ.